ಲಾಡಿ ಬಿಗಿದ ಜಾಗ

ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಎದುರಿಗೆ ಸೂಜಿ, ದಾರ, ಗುಂಡಿ, ಬಳೆ ಮಾರುವ ಒಂದು ಸಣ್ಣ ಅಂಗಡಿಯಿದೆ. ಅದರ ಬಾಗಿಲಿನ ಮೊಳೆಗೆ ಬಿಳಿಯ ಲಾಡಿಯ ಕಟ್ಟುಗಳು ಯಾವಾಗಲೂ ತೂಗುತ್ತಿರುತ್ತವೆ. ಹೆಂಗಸರ ಒಳಲಂಗಕ್ಕೆ ಪೋಣಿಸುವ ಹತ್ತಿಯ ಲಾಡಿ. ಮೊನ್ನೆ ನಾನು ಸೂಜಿ ಕೊಳ್ಳಲೆಂದು ಅಲ್ಲಿ ನಿಂತಿದ್ದಾಗ ಹಳ್ಳಿಯ ಹೆಂಗಸೊಬ್ಬಳು ಬಂದು ಲಾಡಿ ಕೇಳಿದಳು. ಅಂಗಡಿಯವನು ಒಂದೆಳೆಯನ್ನು ಎರಡೂ ಮುಷ್ಟಿಗೆ ಸುತ್ತಿಕೊಂಡು ಜಗ್ಗಿ ತೋರಿಸಿದ.

"ನೋಡವ್ವಾ, ಎತ್ತು ಕಟ್ಟಿದ್ರೂ ಹರಿಯಂಗಿಲ್ಲ."

"ಎತ್ತು ಕಟ್ಟಾಕಲ್ಲಪ್ಪಾ, ನನಗೇ ಬೇಕಾಗೈತೆ" ಎಂದು ಅವಳು ನಕ್ಕಳು. ಅಂಗಡಿಯವನೂ ನಕ್ಕ. ನಾನು ನಗದಿದ್ದುದನ್ನು ಕಂಡು ಇಬ್ಬರೂ ನಗು ನಿಲ್ಲಿಸಿದರು. ಮಾತಿನಲ್ಲಿ ತಪ್ಪು ಹುಡುಕುವ ಟೀಚರಮ್ಮನೆಂದು ಊರಿನಲ್ಲಿ ನನಗೆ ಹೆಸರಿದೆ. ಅವನು ಮೆಲ್ಲಗೆ, "ಏನಾತ್ರೀ ಟೀಚರಮ್ಮ, ಇದರ ಮ್ಯಾಲೂ ಅರ್ಜಿ ಬರೀತೀರೇನು?" ಎಂದ.

ಬರೆಯಬಹುದಾಗಿತ್ತು. ಆದರೆ ಯಾರಿಗೆ ಬರೆಯಬೇಕೆಂಬುದು ನನಗೆ ಇಂದಿಗೂ ತಿಳಿದಿಲ್ಲ. ಅದಕ್ಕಾಗಿಯೇ ನಿಮಗೆ ಬರೆಯುತ್ತಿದ್ದೇನೆ.

ನಾವು ಅಕ್ಕತಂಗಿಯರಿಬ್ಬರೂ ಹೊನ್ನಾಳಿಯಲ್ಲಿ ಹುಟ್ಟಿ ಬೆಳೆದವರು. ಮೊದಲ ಸಲ ಸೀರೆ ಉಟ್ಟ ದಿನ ಅವ್ವ ನನ್ನನ್ನು ಅಡುಗೆಮನೆಯ ಕತ್ತಲ ಮೂಲೆಗೆ ನಿಲ್ಲಿಸಿಕೊಂಡು, "ಉಸುರು ಒಳಾಕೆ ಎಳಕೋ" ಎಂದಳು. ಎಳೆದುಕೊಂಡೆ. ನನ್ನ ಉಸಿರು ಒಳಗಿದ್ದಾಗಲೇ ಅವಳು ಲಾಡಿಯನ್ನು ಜಗ್ಗಿ ಎಡಪಕ್ಕೆಯಲ್ಲಿ ಗಂಟು ಹಾಕಿದಳು. ಹಾಕಿದ ಮೇಲೆ ಆ ಉಸಿರನ್ನು ಪೂರ್ತಿ ಹೊರಗೆ ಬಿಡಲು ಸ್ಥಳವೇ ಇರಲಿಲ್ಲ. ಗಿರಿಜಕ್ಕ ಬಾಗಿಲಲ್ಲಿ ನಿಂತು ನನ್ನ ಪೇಚಾಟ ನೋಡಿ ನಗುತ್ತಿದ್ದಳು. ಅವಳು ಆ ಪರೀಕ್ಷೆಯನ್ನು ಮೊದಲೇ ಮುಗಿಸಿದ್ದಳು. ನಾಲ್ಕು ಜನರ ಮುಂದೆ ಸೀರೆ ಸಡಿಲಾಗುವುದಕ್ಕಿಂತ ದೊಡ್ಡ ಅವಮಾನ ಹೆಣ್ಣಿಗಿಲ್ಲವೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕಲಿಸಲಿಲ್ಲ. ಆ ಗಂಟೇ ಕಲಿಸಿತು. ಆಮೇಲೆ ಬೀಗದ ಕೈ ಬಂತು, ಎಲೆ ಅಡಿಕೆಯ ಸಂಚಿ ಬಂತು, ಎಲ್ಲವೂ ಅದೇ ಸೊಂಟಕ್ಕೆ. ನೀರು ಹೊತ್ತರೆ ಕೊಡ ಕೂರುವುದೂ ಅದರ ಮೇಲೆಯೇ.

ಆ ಸೊಂಟವನ್ನು ನಾವು ಎಂದೂ ನೋಡಿಕೊಂಡವರಲ್ಲ. ಮನೆಯಲ್ಲಿದ್ದ ಕನ್ನಡಿ ಅಂಗೈಯಗಲದ್ದು. ಹಣೆಯ ಬೊಟ್ಟು ನೆಟ್ಟಗಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು. ಮೀಯುವಾಗಲೂ ಲಂಗವನ್ನು ಎದೆಗೆ ಕಟ್ಟಿಕೊಂಡೇ ಮೀಯುತ್ತಿದ್ದೆವು. ಬಚ್ಚಲಲ್ಲಿ ಅಕ್ಕ ನನ್ನ ಬೆನ್ನು ಉಜ್ಜುತ್ತಿದ್ದಳು, ನಾನು ಅವಳ ಬೆನ್ನು ಉಜ್ಜುತ್ತಿದ್ದೆ, ಬಟ್ಟೆ ಎಲ್ಲಿ ಶುರುವಾಗುತ್ತದೆಯೋ ಅಲ್ಲಿಗೆ ಕೈ ತಾನಾಗಿಯೇ ನಿಲ್ಲುತ್ತಿತ್ತು. ಹಾಗೆ ಒಂದೇ ಬಚ್ಚಲಲ್ಲಿ ಬೆಳೆದ ಇಬ್ಬರು ಹೆಣ್ಣುಮಕ್ಕಳು ಒಬ್ಬರ ಸೊಂಟವನ್ನು ಒಬ್ಬರು ಕಾಣದೆ ದೊಡ್ಡವರಾದೆವು.

ಅಕ್ಕನನ್ನು ನ್ಯಾಮತಿಗೆ ಕೊಟ್ಟರು. ಭಾವನವರದು ಅಲ್ಲಿ ಗೊಬ್ಬರದ ಅಂಗಡಿ. ನಾನು ಶಿವಮೊಗ್ಗೆಗೆ ಓದಲು ಹೋದೆ. ಅಲ್ಲಿ ನಮಗೆ ಪಾಠ ಹೇಳಿದ ಗುರುಗಳೊಬ್ಬರು, ಕಣ್ಣಿಗೆ ಬಿದ್ದ ಅನ್ಯಾಯವನ್ನು ಅದರ ಹೆಸರು ಹಿಡಿದು ಕರೆಯಿರಿ ಎನ್ನುತ್ತಿದ್ದರು. ಆ ಮಾತು ನನಗೆ ಜ್ವರದಂತೆ ಹತ್ತಿತು, ಇನ್ನೂ ಇಳಿದಿಲ್ಲ. ಮದುವೆಯ ಗೊಡವೆಗೆ ಹೋಗದೆ ಚನ್ನಗಿರಿಯ ಶಾಲೆಗೆ ಟೀಚರಾಗಿ ಬಂದ ಮೇಲೆ ನಾನು ಹೆಸರಿಡದೆ ಬಿಟ್ಟ ಅನ್ಯಾಯವೇ ಇರಲಿಲ್ಲ. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಡುವುದು, ಕಾಮಾಲೆ ಬಂದ ಕೂಸಿಗೆ ಕಾದ ಕಬ್ಬಿಣದಲ್ಲಿ ಬರೆ ಹಾಕುವುದು, ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ಚಿನ್ನ ತೂಗುವುದು, ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲದ್ದು, ಅದರಿಂದಾಗಿ ಅವರು ದೂರದ ಊರಿಗೆ ಹೊರಟ ದಿನ ನೀರನ್ನೇ ಕುಡಿಯದಿರುವುದು. ಜಗಳೂರಿನ ಕಡೆಯ ಹಳ್ಳಿಗಳವರೆಗೂ ಬಸ್ಸು ಹಿಡಿದು ಹೋಗಿ ಭಾಷಣ ಮಾಡಿ ಬಂದಿದ್ದೇನೆ. ಬಸ್ಸಿನ ಸೀಟಿನಿಂದ ಎದ್ದಿದ್ದ ಮೊಳೆಯ ಮೇಲೂ ನಾನು ಅರ್ಜಿ ಬರೆದದ್ದುಂಟು. ಮಾರನೆಯ ವಾರ ಆ ಮೊಳೆಯನ್ನು ಬಡಿದಿದ್ದರು. ನಾನು ಗೆದ್ದ ಹೋರಾಟಗಳಲ್ಲಿ ಅದೂ ಒಂದು.

"ಊರಿನ ಅನ್ಯಾಯ ಎಲ್ಲಾ ನಿನ್ನ ಚೀಲದಾಗೇ ಐತೆ ನೋಡು. ಹೆಗಲು ನೋಯಂಗಿಲ್ಲೇನೇ?" ಎಂದು ಗಿರಿಜಕ್ಕ ಛೇಡಿಸುತ್ತಿದ್ದಳು.

ನೋಯುತ್ತಿದ್ದದ್ದು ಹೆಗಲಲ್ಲ. ಎಡಪಕ್ಕೆಯಲ್ಲಿ, ಗಂಟು ಕೂರುವ ಜಾಗದಲ್ಲಿ, ಚರ್ಮ ಒಣಗಿ ದಪ್ಪವಾಗಿ ತುರಿಸುತ್ತಿತ್ತು. ಆಮೇಲೆ ಬಿರುಕು ಬಿಟ್ಟಿತು. ಬಿರುಕು ಮಾಯುವುದು, ಮತ್ತೆ ಬಿಡುವುದು. ಲಂಗದ ಅಂಚಿನಲ್ಲಿ ಹಳದಿ ಕಲೆ ಕಾಣತೊಡಗಿತು. ಊರಿನ ಡಾಕ್ಟರ ಬಳಿಗೆ ಹೋದೆ. ಅವರದು ಒಂದೇ ಕೋಣೆ. ನಡುವೆ ಸೊಂಟದೆತ್ತರದ ಪರದೆ. ಪರದೆಯ ಆಚೆ ಬೆಂಚಿನ ತುಂಬ ಗಂಡಸರು. ನಮ್ಮ ಕಡೆ ಹೆಂಗಸರ ರೋಗವನ್ನು ನೋಡುವ ಪದ್ಧತಿಯೇ ಬೇರೆ. ಜೊತೆಗೆ ಬಂದ ಹಿರಿಯ ಹೆಂಗಸು ವರ್ಣಿಸುತ್ತಾಳೆ, ಡಾಕ್ಟರು ಮುಖ ಬೇರೆ ಕಡೆ ತಿರುಗಿಸಿಕೊಂಡು ಕೇಳುತ್ತಾರೆ, ಕೇಳಿಸಿಕೊಂಡ ರೋಗಕ್ಕೆ ಔಷಧಿ ಬರೆಯುತ್ತಾರೆ. ನನ್ನ ಜೊತೆ ಅವ್ವ ಬಂದಿದ್ದಳು. "ಪಕ್ಕೆಯಾಗೆ ಕಜ್ಜಿ ಆಗೈತ್ರೀ" ಎಂದಳು. ಕಜ್ಜಿಯ ಮುಲಾಮು ಸಿಕ್ಕಿತು. ಬದಲಿಸಿ ಬದಲಿಸಿ ಮುಲಾಮು ಕೊಟ್ಟರು. ಒಂದು ಸಲವೂ ಯಾರೂ ನೋಡಲಿಲ್ಲ. ಇಡೀ ತಾಲ್ಲೂಕಿಗೆ ಒಬ್ಬ ಲೇಡಿ ಡಾಕ್ಟರೂ ಇಲ್ಲದಿರುವುದು, ಹೆಂಗಸು ಬಟ್ಟೆ ಸಡಿಲಿಸಿ ಗಾಯ ತೋರಿಸಲು ನಾಲ್ಕು ಗೋಡೆಯ ಒಂದು ಕೋಣೆ ಇಲ್ಲದಿರುವುದು ಅನ್ಯಾಯವೆಂದು ನಾನು ಅರ್ಜಿ ಬರೆದದ್ದು ನಿಜ. ಆದರೆ ಆ ಅರ್ಜಿಯನ್ನು ಬರೆದದ್ದು ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು.

ಅಷ್ಟರವರೆಗೆ ಮನೆಮದ್ದು ನಡೆಯಿತು. ಗಾಯ ಏಕೆ ಆಗುತ್ತಿದೆ ಎಂಬುದಕ್ಕೆ ನಮ್ಮ ಹೆಂಗಸರಲ್ಲಿ ಎರಡು ಮಾತಿರಲಿಲ್ಲ. ಅವ್ವನೂ ಅಕ್ಕನೂ ಓಣಿಯವರೂ ಒಂದೇ ಕಾರಣ ಹೇಳಿದರು: "ಲಾಡಿ ಸಡಿಲಾಗೈತೆ. ಸಡಿಲಿದ್ರೆ ಅದು ಆಡ್ತೈತೆ, ಆಡಿದ್ರೆ ಉಜ್ಜತೈತೆ. ಬಟ್ಟೆ ಮಡಚಿ ಇಟ್ಟು ಇನ್ನಾ ಬಿಗಿ ಮಾಡು." ನಾಲ್ಕಕ್ಷರ ಓದಿದ ನನಗೂ ಅದು ಸರಿಯೆಂದೇ ಕಂಡಿತು. ಗಾಯದ ಮೇಲೆ ಅರಿಶಿನ, ಅದರ ಮೇಲೆ ಹಳೆಯ ಪಂಚೆಯ ಚೂರು, ಅದರ ಮೇಲೆ ಲಾಡಿ. ಉಸಿರು ಒಳಕ್ಕೆ ಎಳೆದುಕೊಂಡು, ಜಗ್ಗಿ ಕಟ್ಟಿದೆ. ಬರೆ ಹಾಕಬೇಡಿರೆಂದು ಊರೂರು ಸಾರಿದವಳು ದಿನವೂ ಬೆಳಗ್ಗೆ ನನಗೆ ನಾನೇ ಹಾಕಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಶಾಲೆಯಲ್ಲಿ ಕಲೆ ಸೀರೆಯವರೆಗೂ ಬಂತು. ಅಂದೇ ಗಿರಿಜಕ್ಕನನ್ನು ಕರೆಸಿಕೊಂಡು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೊರಟೆ. ಅಲ್ಲಿನ ಸರ್ಜನ್ನರು ಮಾತು ಕಡಿಮೆಯ ಮನುಷ್ಯ. ಗಾಯ ನೋಡಿದರು, ಗಾಯದ ಎರಡೂ ಪಕ್ಕದಲ್ಲಿ ಸೊಂಟವನ್ನು ಸುತ್ತಿದ್ದ ಕಪ್ಪು ಪಟ್ಟಿಯನ್ನು ನೋಡಿದರು, ತೊಡೆಯ ಸಂದಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು:

"ಇದು ಚರ್ಮದ ಕ್ಯಾನ್ಸರ್. ವರ್ಷಗಟ್ಟಲೆ ಲಾಡಿ ಒಂದೇ ಕಡೆ ಒತ್ತಿ ಉಜ್ಜಿ ಹೀಗಾಗಿದೆ. ಕಪ್ಪಾದಾಗಲೇ ಬಂದಿದ್ದರೆ ಲಾಡಿ ಬಿಡಿ ಅಂತ ಹೇಳಿ ಕಳಿಸುತ್ತಿದ್ದೆ. ಈಗ ಒಡೆದಿದೆ, ಕೊಯ್ದು ತೆಗೆಯಬೇಕು. ನಿಮ್ಮ ಪುಣ್ಯ, ಸಂದಿಯಲ್ಲಿ ಗಂಟಿಲ್ಲ. ಅಲ್ಲಿಗೆ ಇಳಿದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಕ್ಕ, "ಇಲ್ರೀ ಸಾಹೇಬ್ರೇ, ಯಾರಿಗೂ ಇಲ್ಲ" ಎಂದಳು.

ಬೆನ್ನಿಗೆ ಸೂಜಿ ಚುಚ್ಚಿ ಕೆಳಗಿನ ಅರ್ಧ ಮೈಯನ್ನು ನನ್ನಿಂದ ಬೇರೆ ಮಾಡಿದರು. ಎಚ್ಚರವಿತ್ತು. ಮೇಲಿನ ದೀಪದ ತಗಡಿನಲ್ಲಿ ಏನೋ ಕೆಂಪಾಗಿ ಅಲುಗಾಡುತ್ತಿತ್ತು. ನನ್ನ ಸೊಂಟವನ್ನು ನಾನು ಮೊದಲ ಸಲ ಕಂಡದ್ದು ಹಾಗೆ. ಗಾಯವನ್ನೂ ಅದರ ಸುತ್ತಲ ಒಳ್ಳೆಯ ಚರ್ಮವನ್ನೂ ಅಂಗೈಯಗಲ ಕೊಯ್ದು ತೆಗೆದು, ತೊಡೆಯಿಂದ ತೆಳುವಾದ ಚರ್ಮ ಸುಲಿದು ಅಲ್ಲಿಗೆ ಹೊದಿಸಿದರು. ಸೂಜಿಯ ಜೋಮು ಇಳಿದಾಗ ಕೊಯ್ದ ಜಾಗಕ್ಕಿಂತ ತೊಡೆಯೇ ಹೆಚ್ಚು ಉರಿಯಿತು; ಏನೂ ತಪ್ಪು ಮಾಡದ ತೊಡೆ. ಹೊದಿಸಿದ ಚರ್ಮ ಕಚ್ಚಿಕೊಳ್ಳುತ್ತದೆಯೋ ಕೊಳೆಯುತ್ತದೆಯೋ ಎಂಬುದು ಕಟ್ಟು ಬಿಚ್ಚುವವರೆಗೂ ತಿಳಿಯುವುದಿಲ್ಲವಂತೆ. ಅಲುಗಾಡಕೂಡದು. ಬಲಮಗ್ಗುಲಲ್ಲಿ ಮಲಗಿ ಗೋಡೆಯ ಸುಣ್ಣ ಎದ್ದ ಕಡೆಗಳನ್ನು ನೋಡುತ್ತ, ಕಟ್ಟಿನೊಳಗಿಂದ ಬರುತ್ತಿದ್ದ ವಾಸನೆ ಬದುಕಿನದೋ ಕೊಳೆತದ್ದೋ ಎಂದು ಮೂಗಿನಿಂದಲೇ ತೀರ್ಪು ಕೊಡಲು ಹೆಣಗುತ್ತಿದ್ದೆ. ಕಟ್ಟು ಬಿಚ್ಚಿದ ದಿನ ನನಗಿಂತ ಮೊದಲು ನೋಡಿದವಳು ಗಿರಿಜಕ್ಕ. "ಎಳೇ ಕೂಸಿನ ಅಂಗಾಲು ಇದ್ದಂಗೈತೆ ಕಣೇ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವಳೇ ನನ್ನನ್ನು ನ್ಯಾಮತಿಗೆ ಕರೆದೊಯ್ದಳು. ಒಳಕೋಣೆಯಲ್ಲಿ ಹಾಸಿಗೆ ಹಾಕಿದಳು. ಓಣಿಯವರಿಗೆ ಭಾವನವರು "ಗಡ್ಡೆ ತೆಗೆಸ್ಯಾರೆ" ಎಂದಷ್ಟೇ ಹೇಳಿದ್ದರು. ಕ್ಯಾನ್ಸರ್ ಎಂಬ ಪದವನ್ನು ಆ ಮನೆಯಲ್ಲಿ ಆಡುವಂತಿರಲಿಲ್ಲ. ಆಡದಿದ್ದರೂ ಭಯ ತನ್ನ ಕೆಲಸ ಮಾಡಿತು. ಮೂರನೆಯ ದಿನವೋ ನಾಲ್ಕನೆಯ ದಿನವೋ ನನ್ನ ಕಾಫಿ ಒಂದು ಹಳೆಯ ಅಲ್ಯುಮಿನಿಯಂ ಲೋಟದಲ್ಲಿ ಬಂತು. ಉಳಿದ ಲೋಟಗಳ ಜೊತೆ ಅದನ್ನು ತೊಳೆಯುತ್ತಿರಲಿಲ್ಲ. ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿಡುತ್ತಿದ್ದರು. ಬೇರೆ ಲೋಟದ ವಿರುದ್ಧ ಭಾಷಣ ಮಾಡಿದವಳ ಪಾಲಿಗೆ ಬೇರೆ ಲೋಟ. ನಗು ಬಂದು ಹೊಲಿಗೆ ನೊಂದಿತು. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ನನ್ನ ಲೋಟ ಗಾಯ ಮಾಗುವವರೆಗಿನದು. ಹೋಟೆಲಿನ ಹೊರಗೆ ನಿಂತು ಕುಡಿಯುವವರದು ಹುಟ್ಟಿನಿಂದ ಸಾಯುವವರೆಗಿನದು. ಅದನ್ನು ಇದರೊಡನೆ ತೂಗುವುದೂ ಒಂದು ಅನ್ಯಾಯ.

ಗಿರಿಜಕ್ಕ ಒಂದು ದಿನ ಆ ಲೋಟವನ್ನು ಎತ್ತಿ ತಿಪ್ಪೆಗೆ ಎಸೆದು ಬಂದಳು. ಭಾವನವರಿಗೆ ಕೇಳಿಸುವಂತೆ, "ನನ್ನ ತಂಗಿ ಉಂಡ ತಟ್ಟೆಯಾಗೇ ನಾನೂ ಉಣ್ತೀನಿ. ಏನಾಗ್ತೈತೋ ಆಗ್ಲಿ" ಎಂದಳು.

ಗಾಯ ತೊಳೆಯಲು ದಿನವೂ ನೀರು ಕಾಸಿ ಆರಿಸುತ್ತಿದ್ದಳು. ಅಂಟಿಕೊಂಡ ಬಟ್ಟೆಯನ್ನು ನೆನೆಸಿ ನೆನೆಸಿ, ಉಗುರು ತಾಗದಂತೆ ಬಿಡಿಸುತ್ತಿದ್ದಳು. ಹುಟ್ಟಿದಂದಿನಿಂದ ಬಟ್ಟೆಯ ಅಂಚಿಗೆ ನಿಲ್ಲುತ್ತಿದ್ದ ಕೈ ಈಗ ಅಂಚು ದಾಟಿ ಬಂದಿತ್ತು. ನನಗೆ ನಾಚಿಕೆಯಾಗಲಿಲ್ಲ. ಆದರೆ ನಾನು, "ಅಕ್ಕಾ, ನಿನ್ನದನ್ನೂ ಒಂದು ಸಲ ತೋರಿಸು. ಸರ್ಜನ್ ಕೇಳಲಿಲ್ವಾ?" ಎಂದಾಗಲೆಲ್ಲ ಅವಳು ನೀರಿನ ಪಾತ್ರೆ ಎತ್ತಿಕೊಂಡು ಏಳುತ್ತಿದ್ದಳು.

"ನಂದೇನು ನೋಡ್ತೀಯೇ? ದಪ್ಪ ಆಗೀನಿ, ಅಷ್ಟೇ ನನ್ನ ರೋಗ."

"ನಗಬೇಡ. ಅವ್ವ ಕಟ್ಟಿದ ಗಂಟು ಇಬ್ಬರಿಗೂ ಒಂದೇ."

"ಭಾಷಣ ಜಗಳೂರಾಗೆ ಇಟ್ಕೋ. ಇಲ್ಲಿ ಸುಮ್ನೆ ಮಕ್ಕೋ."

ಇನ್ನು ಮುಂದೆ ಸೊಂಟಕ್ಕೆ ಏನನ್ನೂ ಕಟ್ಟಕೂಡದೆಂದು ಸರ್ಜನ್ನರು ಹೇಳಿದ್ದರು. ಹಾಗಾದರೆ ಸೀರೆ ಉಡುವುದು ಹೇಗೆ? ಸೀರೆ ಉಡದೆ ಶಾಲೆಗೆ ಹೋಗುವುದು ಹೇಗೆ? ಈ ಪ್ರಶ್ನೆಯನ್ನು ಬಿಡಿಸಿದ್ದೂ ಗಿರಿಜಕ್ಕನೇ. ಸಣ್ಣ ಹುಡುಗಿಯರ ಲಂಗಕ್ಕೆ ಮೇಲೊಂದು ಕುಪ್ಪಸ ಸೇರಿಸಿ ಭಾರವನ್ನೆಲ್ಲ ಹೆಗಲಿಗೆ ತೂಗುಹಾಕುತ್ತಾರಲ್ಲ, ಅದೇ ರೀತಿ ನನ್ನ ಅಳತೆಗೆ ಒಂದು ಬಾಡಿಲಂಗ ಹೊಲಿದಳು. ಅದರ ನೆರಿಗೆಗೆ ಸೀರೆಯನ್ನು ಸಿಕ್ಕಿಸಿ ಪಿನ್ನು ಹಾಕಿದರೆ ಆಯಿತು. ತಲೆ ನರೆಯತೊಡಗಿದ ಟೀಚರು ಮೂರನೇ ಕ್ಲಾಸಿನ ಹುಡುಗಿಯ ಲಂಗ ತೊಟ್ಟು ಚನ್ನಗಿರಿಗೆ ಮರಳಿದೆ. ಬೋರ್ಡಿನ ಕಡೆ ತಿರುಗಿ ಬರೆಯುವಾಗ, ಸೀರೆ ಕಳಚಿಬಿದ್ದೀತೆಂಬ ಹಳೆಯ ಹೆದರಿಕೆಯಿಂದ ಎಡಗೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು; ಹೋಗಿ, ಸ್ಪರ್ಶವೇ ತಿಳಿಯದ ಆ ಹೊಸ ಚರ್ಮದ ಮೇಲೆ ನಿಲ್ಲುತ್ತಿತ್ತು. ತಪಾಸಣೆಗೆ ಹೋದಾಗಲೆಲ್ಲ ಸರ್ಜನ್ನರು ಸಂದಿಯನ್ನು ಒತ್ತಿ ನೋಡಿ, ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಆ ತಲೆಯಾಟದ ಮೇಲೆ ಮುಂದಿನ ತಪಾಸಣೆಯವರೆಗೆ ಬದುಕುತ್ತಿದ್ದೆ.

ಮುಂದಿನ ಬೇಸಿಗೆ ರಜೆಗೆ ನ್ಯಾಮತಿಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿದ್ದಳು. ಕೈಕಾಲು ತೊಳೆಯಲೆಂದು ಹಿತ್ತಲಿಗೆ ಹೋದವಳು ಅಲ್ಲೇ ನಿಂತೆ. ಹಗ್ಗದ ಕೊನೆಗೆ, ಒಂದು ಸೀರೆಯ ಮರೆಯಲ್ಲಿ, ಬಾಡಿಲಂಗವೊಂದು ಒಣಗುತ್ತಿತ್ತು. ಅದು ನನ್ನದಲ್ಲ, ನನ್ನದು ನನ್ನ ಮೈಮೇಲಿತ್ತು. ಅದು ನನ್ನ ಅಳತೆಗಿಂತ ಬಹಳ ದೊಡ್ಡದು. ಎಷ್ಟು ಒಗೆದರೂ ಹೋಗದ ಕಲೆಯೊಂದು ಎಡಪಕ್ಕೆಯಲ್ಲಿತ್ತು.

ಒಳಗೆ ಬಂದು ಬಾಗಿಲು ಹಾಕಿದೆ. ಅವಳು ನನ್ನ ಮುಖ ನೋಡಿ ಒಲೆಯ ಮೇಲಿದ್ದ ಪಾತ್ರೆ ಇಳಿಸಿದಳು. ವಾದ ಮಾಡಲಿಲ್ಲ. ಸೆರಗು ಸರಿಸಿದಳು. ನಾನು ಕಂಡದ್ದನ್ನು ಇಲ್ಲಿ ಬರೆಯಲಾರೆ. ನನ್ನ ಗಾಯ ಅದರ ಮುಂದೆ ಗೀರಿನಂತಿತ್ತು. ಸಂದಿಗೆ ಬೆರಳು ಇಟ್ಟೆ. ಒತ್ತುವ ಅಗತ್ಯವೇ ಬೀಳಲಿಲ್ಲ.

"ಯಾವಾಗಿನಿಂದ?"

"ನಿನಗಿಂತ ಮೊದ್ಲೇ ಒಡೆದಿತ್ತು."

"ಸರ್ಜನ್ ಮುಂದೆ ಕೂತಿದ್ದೆಯಲ್ಲೇ ಅಕ್ಕಾ! ಅವರು ಕೇಳಿದರಲ್ಲ! ಇಲ್ಲ ಅಂತ ಯಾಕೆ ಹೇಳಿದೆ?"

ಅವಳು ಸೆರಗನ್ನು ಮತ್ತೆ ಎಳೆದುಕೊಂಡು ಹೇಳಿದಳು: "ಐತೆ ಅಂದಿದ್ರೆ ನನ್ನನ್ನೂ ಮಲಗಿಸ್ತಿದ್ರು. ಇಬ್ರೂ ಮಲಗಿದ್ರೆ ನಿನಗೆ ನೀರು ಕಾಸೋರು ಯಾರಿದ್ರೇ? ಅವ್ವಗೆ ಕೈಲಾಗಂಗಿಲ್ಲ. ನಿನ್ನ ಗಾಯ ಮಾದ ಮ್ಯಾಲೆ ತೋರಿಸಿದ್ರಾತು ಅಂದ್ಕಂಡೆ. ಆಮ್ಯಾಲೆ ಮಗಳ ಬಾಣಂತನ ಬಂತು. ಆಮ್ಯಾಲೆ... ತೋರಿಸಾಕೇ ಹೆದರಿಕೆ ಆತು."

ದಾವಣಗೆರೆಯಲ್ಲಿ ಅದೇ ಸರ್ಜನ್ನರು ಕೊಯ್ದರು. ಸೊಂಟದಲ್ಲಿ, ಸಂದಿಯಲ್ಲಿ, ಎಷ್ಟು ಸಾಧ್ಯವೋ ಅಷ್ಟು. ಕೈ ತೊಳೆದು ಹೊರಗೆ ಬಂದವರು ಈ ಸಲ ತಲೆಯಾಡಿಸಲಿಲ್ಲ. ಗಿರಿಜಕ್ಕನ ಕಾಲು ಬಾತು ಕಂಬದಂತಾಯಿತು. ಸಂದಿಯ ಗಾಯ ಕೂಡಲಿಲ್ಲ. ನೀರು ಕಾಸುವ ಸರದಿ ನನ್ನದಾಯಿತು. ನನ್ನ ಉಗುರು ತಾಗಿದಾಗಲೂ ಅವಳು, "ಚೆನ್ನಾಗೇ ಮಾಡ್ತೀಯ ಬಿಡು, ಕಲ್ತೀಯ" ಎನ್ನುತ್ತಿದ್ದಳು. ಮಳೆಗಾಲ ಮುಗಿಯುವ ಮೊದಲೇ ಹೋದಳು.

ಅಕ್ಕನ ಶಿವಗಣಾರಾಧನೆಯ ದಿನ ನ್ಯಾಮತಿಯ ಮನೆಯ ಪಡಸಾಲೆಯಲ್ಲಿ ಜನ ತುಂಬಿದ್ದರು. ಊರಿನ ಹಿರಿಯರೊಬ್ಬರು ಎದ್ದು, ಗಿರಿಜಮ್ಮನವರು ತ್ಯಾಗಮಯಿ, ತಂಗಿಗಾಗಿ ಪ್ರಾಣ ಸವೆಸಿದ ಮಹಾತಾಯಿ, ಇಂಥ ಹೆಣ್ಣುಮಕ್ಕಳು ಕುಲಕ್ಕೆ ಭೂಷಣ ಎಂದು ಮಾತಾಡಿದರು. ಹೆಂಗಸರ ಸಾಲಿನಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಭಾವನವರು ತಲೆ ತಗ್ಗಿಸಿ ಕುಳಿತಿದ್ದರು. ನಾನು ಎದ್ದು ನಿಂತೆ. ಯಾರೂ ಕರೆದಿರಲಿಲ್ಲ.

"ತ್ಯಾಗ ಅನ್ನಬೇಡಿ. ನಮ್ಮಕ್ಕನ ಸೊಂಟ ಕೊಳೆತಿತ್ತು. ಲಾಡಿ ಬಿಗಿದೂ ಬಿಗಿದೂ ಕೊಳೆತಿತ್ತು. ಅದನ್ನು ತೋರಿಸುವುದಕ್ಕೆ ಅವಳಿಗೆ ಒಂದು ಬಾಗಿಲಿನ ಮರೆ ಇರಲಿಲ್ಲ. ಅವಳು ಮಲಗಿದರೆ ಈ ಮನೆಯಲ್ಲಿ ಒಬ್ಬ ರೋಗಿಗೆ ನೀರು ಕಾಸಿಕೊಡುವ ಇನ್ನೊಂದು ಕೈ ಇರಲಿಲ್ಲ. ಗೋಡೆ ಇಷ್ಟಿದೆ, ಗಂಡಸರು ಇಷ್ಟು ಜನ ಇದ್ದೀರಿ, ಒಂದು ಕೈ ಇರಲಿಲ್ಲ. ಇದಕ್ಕೆ ತ್ಯಾಗ ಅನ್ನೋ ಹೆಸರಲ್ಲ. ಅನ್ಯಾಯ ಅನ್ನೋ ಹೆಸರು. ಇಲ್ಲಿ ಕೂತಿರೋ ಹೆಂಗಸರೆಲ್ಲ ಇವತ್ತೇ ಮನೆಗೆ ಹೋಗಿ ಲಾಡಿ ಬಿಚ್ಚಿ ನೋಡಿಕೊಳ್ಳಿ."

ಮುದುಕರೊಬ್ಬರು ಕಿವಿ ಮುಚ್ಚಿಕೊಂಡು ಎದ್ದು ಹೊರಗೆ ಹೋದರು. "ಸತ್ತೋರ ಮನ್ಯಾಗೆ ಎಂಥ ಮಾತು! ನಾಚಿಕೆ ಬ್ಯಾಡ್ವಾ ಹೆಣ್ಣಿಗೆ?" ಎಂದು ಯಾರೋ ಅಂದರು. ಭಾವನವರು ತಲೆ ಎತ್ತದೆಯೇ, "ಸಾಕು, ಒಳಾಕೆ ನಡಿಯಮ್ಮ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಳಕೋಣೆಗೆ ಹೋಗಿ ಗೋಡೆಗೆ ಒರಗಿ ಕುಳಿತೆ. ಸುಮ್ಮನೆ ಇರಬೇಕಿತ್ತೇನೋ ಎಂದು ನನಗೂ ಅನ್ನಿಸತೊಡಗಿತ್ತು. ಹೊರಗೆ ಎಲೆ ಹಾಕುವ ಸದ್ದು ಶುರುವಾಯಿತು. ಯಾರೋ ಒಳಗೆ ಬಂದು ಬಾಗಿಲ ಚಿಲಕ ಹಾಕಿದರು. ತಿರುಗಿ ನೋಡಿದರೆ ಶಾಂತಾ, ಗಿರಿಜಕ್ಕನ ಮಗಳು. ಜಗಳೂರಿಗೆ ಕೊಟ್ಟ ಹುಡುಗಿ. ಕೂಸನ್ನು ಯಾರ ಕೈಗೋ ಕೊಟ್ಟು ಬಂದಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ನನ್ನ ಎದುರಿಗೆ ಬಂದು ನಿಂತವಳು ಗೋಡೆಯ ಕಡೆ ಮುಖ ಮಾಡಿದಳು.

"ಚಿಕ್ಕಮ್ಮಾ, ಸ್ವಲ್ಪ ಇಲ್ಲಿ ನೋಡ್ರಿ. ತುರಿಸ್ತೈತೆ."

ಬಿಗಿದ ಗಂಟು ಅವಳ ಕೈಯಿಂದ ಬಿಚ್ಚಲಾಗಲಿಲ್ಲ. ನಾನೇ ಬಿಚ್ಚಿದೆ. ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು, ಅವಳನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಪಕ್ಕೆಯಿಂದ ಪಕ್ಕೆಯವರೆಗೆ ಬೆರಳಿಟ್ಟು ನೋಡಿದೆ.

ಕಪ್ಪಾಗಿತ್ತು. ಒಡೆದಿರಲಿಲ್ಲ.